ನಾಯಿಗೆ ಕಲಿಸಿದ ಮಾತು

ನಮ್ಮ ಮನೆಗೆ ನಾಯಿಮರಿ ಬಂದದ್ದು ನನ್ನ ಮಾವನಿಗೆ ಪಾರ್ಶ್ವವಾಯು ಬಡಿದ ವರ್ಷವೇ. ಎಡನೀರಿನ ಪರಿಚಯದವರ ಮನೆಯಿಂದ ಮಗಳು ಅದನ್ನು ಚೀಲದಲ್ಲಿ ಹಾಕಿಕೊಂಡು ಬಂದಾಗ, ಬೇಡ ಎನ್ನುವಷ್ಟು ತ್ರಾಣವೂ ನನ್ನಲ್ಲಿರಲಿಲ್ಲ. ಮಾವನ ಔಷಧಿ, ಗಂಜಿ, ಎಣ್ಣೆ ತಿಕ್ಕುವುದು, ನನ್ನ ಶಾಲೆಯ ಕೆಲಸ, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ಮರಿಗೆ ಬುದ್ಧಿ ಹೇಳುವವರಿಲ್ಲದೆ ಅದು ತನ್ನಿಷ್ಟದಂತೆ ಬೆಳೆಯಿತು. ಒಣಗಲು ಹಾಕಿದ ಸೀರೆಯನ್ನು ಎಳೆಯಿತು, ಗೇಟು ತೆಗೆದವರ ಎದೆಗೇ ಹಾರಿತು. ನೆರೆಮನೆಯವರು ಬೇಲಿಯಾಚೆಯಿಂದಲೇ ಮಾತಾಡಿಸಿ ಹೋಗತೊಡಗಿದರು.

ಮಾವ ವಾಕರ್ ಹಿಡಿದು ಮೊದಲ ಸಲ ಅಂಗಳಕ್ಕಿಳಿದ ದಿನ ನಾಯಿ ಸಂಕೋಲೆ ಬಿಡಿಸಿಕೊಂಡು ಓಡಿಬಂತು. ಕಚ್ಚಲಿಕ್ಕಲ್ಲ, ಖುಷಿಗೆ. ಎರಡೂ ಕಾಲೆತ್ತಿ ಹಾರಿತು, ಮಾವ ಕುಸಿದು ಬಿದ್ದರು. ಎಲುಬಿಗೆ ಏನೂ ಆಗಲಿಲ್ಲ, ಮೊಣಕೈ ತರಚಿತ್ತು ಅಷ್ಟೆ. ಆದರೆ ನನ್ನ ಗಂಡನ ಮುಖ ಬಿಳಿಚಿಹೋಗಿತ್ತು.

"ನಾಳೆಯೇ ಇದನ್ನು ಯಾರಿಗಾದರೂ ಕೊಟ್ಟು ಬರ್ತೇನೆ," ಎಂದರು.

ಮಾವನಿಗೆ ಆಗ ಬಾಯಲ್ಲಿ ಉಳಿದಿದ್ದದ್ದು ನಾಲ್ಕಾರು ತುಳು ಪದಗಳು. ಅವರು ನಾಯಿಯತ್ತ ಕೈತೋರಿಸಿ, "ಬೊಡ್ಚಿ," ಎಂದರು. ಬೇಡ ಎಂದು. ನಾಯಿಯೇ ಬೇಡವೆನ್ನುತ್ತಿದ್ದಾರೆ ಎಂದು ನಾವು ತಿಳಿದೆವು. ಗಂಡ ಸಂಕೋಲೆಗೆ ಕೈಹಾಕಿದಾಗ ಮಾವ ಆಡುವ ಕೈಯಿಂದ ಅವರ ಅಂಗಿ ಹಿಡಿದು ಜಗ್ಗಿದರು. ಆಮೇಲಷ್ಟೇ ನಮಗೆ ಅರ್ಥವಾಯಿತು: ಕೊಡುವುದು ಬೇಡ.

ಮರುದಿನ ಮೃಗಾಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ನಮ್ಮನ್ನೇ ಒಬ್ಬೊಬ್ಬರಾಗಿ ವಿಚಾರಿಸಿದರು. ನಾಯಿಯನ್ನು ಕೂರಿಸಲು ಮಗಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಗಂಡ ಸಿಟ್ಟು ಬಂದರೆ ಮಲಯಾಳ, ನಾನು ಕನ್ನಡ. ಅವರು ನಕ್ಕರು.

"ನಾಯಿ ಪಾಪದ್ದು. ನೀವು ಮೂರು ಜನ ಮೂರು ಭಾಷೆಯಲ್ಲಿ ಹೇಳಿದರೆ ಅದು ಯಾರದ್ದು ಕೇಳುದು? ಮೊದಲು ನಿಮಗೆ ಒಂದು ಮಾತು ಬೇಕು."

ಹೊಡೆಯಬೇಡಿ, ಕೂಗಬೇಡಿ, ಹೇಳಿದಂತೆ ಮಾಡುವವರೆಗೆ ಅನ್ನ ಇಡಬೇಡಿ ಎಂದೂ ಹೇಳಿ ಕಳಿಸಿದರು.

ಯಾವ ಮಾತು ಎಂಬುದಕ್ಕೆ ಮನೆಯಲ್ಲಿ ಚರ್ಚೆ ನಡೆಯಿತು. ಮಾವನಿಗೆ ಹೇಳಲು ಆಗುವಂಥದ್ದೇ ಇರಲಿ ಎಂದಳು ಮಗಳು. ನಿಲ್ಲು ಎನ್ನಲು ತುಳುವಿನ 'ಉಂತು' ಸುಲಭ. ಆದರೆ ದಿನಕ್ಕೆ ನೂರು ಸಲ 'ಅದು ಉಂಟು, ಇದು ಉಂಟು' ಎನ್ನುವ ಮನೆಯಲ್ಲಿ ನಾಯಿಗೆ ತಲೆ ಕೆಟ್ಟೀತು. ಕೊನೆಗೆ 'ಕುಲ್ಲು' ಎಂಬುದೇ ಉಳಿಯಿತು. ಕೂತುಕೋ ಎಂದರ್ಥ.

ಸಂಜೆ ಅನ್ನದ ಬಟ್ಟಲು ಮಾವನ ತೊಡೆಯ ಮೇಲೆ. ಎದುರಿಗೆ ನಾಯಿ, ಹಿಂದೆ ಸಂಕೋಲೆ ಹಿಡಿದ ಮಗಳು. ಮಾವ "ಕು... ಕು..." ಎಂದು ತಡವರಿಸುವಾಗ ನಾಯಿ ಬೊಗಳುತ್ತಿತ್ತು, ಮೂತಿ ಮುಂದೆ ಚಾಚುತ್ತಿತ್ತು. ಮಾವ ಸಿಟ್ಟಾಗಲಿಲ್ಲ. ಬಟ್ಟಲು ಕೊಡಲೂ ಇಲ್ಲ. ಮಾತಿನ ಅಭ್ಯಾಸ ಮಾಡಿಸಲು ಬಂದವರೆದುರು ಬಾಯಿಮುಚ್ಚಿ ಗೋಡೆ ನೋಡುತ್ತಿದ್ದ ಮನುಷ್ಯ ನಾಯಿಗಾಗಿ ಅದೇ ಪದವನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಹೇಳಿದರು. ನಾನು ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ. ಒಂದು ಸಂಜೆ ಆ ಪದ ಪೂರ್ತಿಯಾಗಿ ಬಂತು. ಓಡಿಬಂದು ನೋಡಿದರೆ ನಾಯಿ ಕೂತಿತ್ತು, ಮಗಳು ಅಳುತ್ತಿದ್ದಳು, ಮಾವ ಏನೂ ಆಗದವರಂತೆ ಬಟ್ಟಲನ್ನು ಕೆಳಗಿಡಲು ಬಾಗುತ್ತಿದ್ದರು.

ಮತ್ತೆ ಅಂಗಳಕ್ಕಿಳಿಯಲು ಅವರು ಧೈರ್ಯ ಮಾಡಿದ್ದು ಮಳೆ ಬಿಟ್ಟ ಮೇಲೆ. ಗೇಟಿನ ಹತ್ತಿರ ತಲುಪುವಾಗ ಮೀನಿನವನ ಸ್ಕೂಟರಿನ ಹಾರ್ನ್ ಕೇಳಿಸಿತು. ನಾಯಿ ಕಿವಿ ನಿಮಿರಿಸಿತು. ನಾನು ಕೂಗಬೇಕೆನ್ನುವಷ್ಟರಲ್ಲಿ ಮಾವ ಮೆತ್ತಗೆ, "ಕುಲ್ಲು," ಎಂದರು. ಅದು ಅವರ ಕಾಲ ಬಳಿಯೇ ಕೂತು, ಬಾಲದಿಂದ ನೆಲ ಗುಡಿಸತೊಡಗಿತು.

ಈಗಲೂ ಅದು ನನ್ನ ಮಾತನ್ನು ಅರ್ಧ ಕೇಳುತ್ತದೆ, ಗಂಡನದ್ದನ್ನು ಅವರ ಕೈಯಲ್ಲಿ ತಿಂಡಿ ಇದ್ದರೆ. ನೆರೆಮನೆಯವರು ಮತ್ತೆ ಬೇಲಿ ಬಿಟ್ಟು ಒಳಗೆ ಬರುತ್ತಾರೆ. ಗೇಟು ತೆಗೆಯುವ ಮೊದಲು, ಮಾವ ಜಗಲಿಯಲ್ಲಿದ್ದಾರಾ ಎಂದು ಕೇಳುತ್ತಾರೆ.