ನಂಬರಿಲ್ಲದ ಇಪ್ಪೆ ಮರ

ಮಾಘದ ಒಂದು ಬೆಳಿಗ್ಗೆ ಕೋಲಾರದಲ್ಲಿ ಬಸ್ಸು ಹತ್ತಿದೆ. ಶ್ರೀನಿವಾಸಪುರ ದಾಟುತ್ತಲೇ ಮಾವಿನ ಹೂವಿನ ವಾಸನೆ ಕಿಟಕಿಯಿಂದ ನುಗ್ಗಿತು. ಎರಡೂ ಬದಿಯ ತೋಪುಗಳು ಮಂಜಿನಲ್ಲಿ ತೇಲುತ್ತಿದ್ದವು. ನಿದ್ದೆಯೋ ಎಚ್ಚರವೋ ತಿಳಿಯದೆ ಕೂತಿದ್ದ ನನ್ನನ್ನು ಕಂಡಕ್ಟರ್ ಭುಜ ತಟ್ಟಿ ಗೌನಿಪಲ್ಲಿಯಲ್ಲಿ ಇಳಿಸಿದ. ಬಿಸಿ ಇಡ್ಲಿ ತಿಂದು, ಬಣ್ಣದ ಡಬ್ಬಿ ಹಿಡಿದು ಕಾಡಿನತ್ತ ನಡೆದೆ.

ಎಪ್ಪತ್ತರ ದಶಕದ ಆ ದಿನಗಳಲ್ಲಿ ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಕಡಿಯಬಾರದೆಂದು ಕಾಯ್ದಿಟ್ಟ ಆ ಕಾಡಿನ ಕೆಲವು ಮರಗಳಿಗೆ ಎದೆಮಟ್ಟದಲ್ಲಿ ಬಿಳಿ ಪಟ್ಟೆ ಬಳಿದು ನಂಬರ್ ಬರೆದಿದ್ದೆವು. ಪ್ರತಿ ವರ್ಷ ಅದೇ ಪಟ್ಟೆಯ ಮೇಲೆ ಟೇಪು ಸುತ್ತಿ, ಮರ ಎಷ್ಟು ದಪ್ಪವಾಯಿತೆಂದು ನೋಡುವುದು ನನ್ನ ಕೆಲಸ. ಮರ ಬೆಳೆಯುವುದನ್ನು ಕಾಯುತ್ತ ಆಯುಸ್ಸು ಕಳೆದರೂ ಸರಿಯೇ ಅನಿಸುತ್ತಿತ್ತು.

ಬಂಡೆಯ ಪಕ್ಕದ ದೊಡ್ಡ ಇಪ್ಪೆ ಮರದ ಪಟ್ಟೆಯನ್ನು ವಯಸ್ಸಾದ ಹೆಂಗಸೊಬ್ಬಳು ಕುಡುಗೋಲಿನಿಂದ ಕೆರೆಯುತ್ತಿದ್ದಳು. ಅರ್ಧ ಆಗಲೇ ಹೋಗಿತ್ತು. ನನಗೆ ರೇಗಿಹೋಯಿತು.

"ಏನಮ್ಮಾ ಇದು? ಪಟ್ಟೆ ಹೋದ್ರೆ ಇಷ್ಟು ವರ್ಷದ ಅಳತೆಯೆಲ್ಲ ಮಣ್ಣುಪಾಲು!"

"ನಂಬರ್ ಹಾಕಿದ್ ಮರ ಉಳಿದಿದ್ದುಂಟೇನಪ್ಪಾ? ನಮ್ಮೂರ ರಸ್ತೆ ಮರಗಳ್ಗೂ ಹಿಂಗೇ ಬರೆದ್ರು. ಆಮೇಲೆ ಏಲಂ ಕೂಗಿದ್ರು, ಕೊಯ್ದ್ರು. ಈ ಮರದ ಬೀಜದೆಣ್ಣೇಲೇ ನಮ್ಮನೇಲಿ ದೀಪ ಉರಿಯೋದು."

"ಇದನ್ನ ಕೊಯ್ಯಲ್ಲಮ್ಮಾ. ವರ್ಷಕ್ಕೊಂದ್ಸಲ ಬಂದು ನೋಡ್ಕೊಂಡು ಹೋಗ್ತೀನಿ, ಅಷ್ಟೇ."

"ಬರೀ ನೋಡ್ಕೊಂಡು?" ಆಕೆ ನಕ್ಕಳು. "ವರ್ಷಾವರ್ಷ ಹೆಣ್ಣು ನೋಡಕ್ ಬಂದು, ಉಪ್ಪಿಟ್ ತಿಂದು, ಒಪ್ಗೆ ಹೇಳ್ದೆ ಹೋಗೋ ಗಂಡು ನೀನು!"

ನಾನೂ ನಕ್ಕೆ. ಆದರೆ ಆಕೆ ಮತ್ತೆ ಕುಡುಗೋಲು ಎತ್ತಿದಳು.

"ತಡಿಯಮ್ಮಾ. ನಂಬರ್ ಬೇಡ ಅಂದ್ರೆ ಏನ್ ಬರೀಲಿ, ನೀನೇ ಹೇಳು."

ಆಕೆ ಮರವನ್ನೂ ನನ್ನನ್ನೂ ನೋಡಿದಳು. "ನನ್ ಹೆಸರು ಬರಿ. ನಾರಾಯಣಮ್ಮ. ಮನುಷ್ಯರನ್ನ ಯಾರೂ ಏಲಂ ಕೂಗಲ್ಲ."

ಉಳಿದಿದ್ದ ಅರ್ಧ ಪಟ್ಟೆಯ ಜಾಡು ಹಿಡಿದು ಟೇಪು ಸುತ್ತಿದೆ. ಒಂದು ತುದಿಯನ್ನು ಆಕೆಯೇ ಹಿಡಿದುಕೊಂಡಳು. "ನಾರಾಯಣಮ್ಮ ಹೋದ ವರ್ಷಕ್ಕಿಂತ ಒಂದು ಬೆರಳು ದಪ್ಪಗಾಗಿದ್ದಾರೆ" ಎಂದೆ. ಆಕೆ ನಾಚಿ ಸೆರಗು ಸರಿಮಾಡಿಕೊಂಡಳು. ಪಟ್ಟೆ ಬಳಿದು ಹೆಸರು ಬರೆದೆ. ಓದು ಬಾರದ ಆಕೆ ಹಸಿ ಬಣ್ಣವನ್ನು ಮುಟ್ಟದೆ, ಗಾಳಿಯಲ್ಲೇ ಬೆರಳಾಡಿಸಿ ಅಕ್ಷರಗಳನ್ನು ಸವರಿದಳು.

ಉಳಿದ ಮರಗಳ ಅಳತೆ ಮುಗಿಯುವಷ್ಟರಲ್ಲಿ ಬಿಸಿಲು ಹಳದಿಯಾಗಿತ್ತು. ಕೊನೆಯ ಬಸ್ಸಿಗೆಂದು ಇಳಿಜಾರಿನಲ್ಲಿ ಹೆಜ್ಜೆ ಹಾಕುತ್ತಿದ್ದಾಗ ಹಿಂದಿನಿಂದ ಕೂಗು ಕೇಳಿಸಿತು. ತಿರುಗಿ ನೋಡಿದೆ. ನಾರಾಯಣಮ್ಮ ಇಪ್ಪೆಯ ಪಕ್ಕದ ಮರದ ನಂಬರಿನ ಮೇಲೆ ಅಂಗೈ ಇಟ್ಟು ನಿಂತಿದ್ದಳು.

"ಏನಪ್ಪಾ, ಇವರ್ನೆಲ್ಲ ಏಲಂಗೆ ಬಿಟ್ಟು ಹೋಗ್ತೀಯಾ?"

ಬಸ್ಸು ತಪ್ಪಿದರೆ ತಪ್ಪಲಿ ಎಂದುಕೊಂಡು, ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುತ್ತ ಇಳಿಜಾರನ್ನು ವಾಪಸು ಹತ್ತಿದೆ.