ಬೀರುವಿನ ಹಿಂದಿನ ಗೋಡೆ

ನಂಜನಗೂಡಿನಲ್ಲಿ ಎಸಿ ರಿಪೇರಿ ಮಾಡುವ ನನಗೆ ಹೆಮ್ಮಿಗೆಯ ಒಂದು ಮನೆಯಿಂದ ಫೋನ್ ಬಂತು. ಮಲಗುವ ಕೋಣೆಯ ಎಸಿ ಮುಗ್ಗಲು ವಾಸನೆ ಹೊಡೆಯುತ್ತಿದೆ, ಸೊಸೆಗೆ ಕೆಮ್ಮು ನಿಲ್ಲುತ್ತಿಲ್ಲ ಅಂತ. ಹೋದಾಗ ಆ ಸೊಸೆ ದುಪಟ್ಟಾ ಬಾಯಿಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು.

"ತವರಿಗೋದ್ರೆ ಕೆಮ್ಮೇ ಇಲ್ಲ ಕಣಪ್ಪ, ಇಲ್ಲಿಗ್ ಬಂದೇಟ್ಗೆ ಸುರು. ಬ್ಯಾರೆ ಮನೆ ಮಾಡಕ್ಕೆ ನಾಟ್ಕ," ಎಂದರು ಅತ್ತೆ, ಅವಳಿಗೂ ಕೇಳುವಷ್ಟು ಜೋರಾಗಿ.

ಎಸಿ ಬಿಚ್ಚಿದರೆ ಒಳಗೆಲ್ಲ ಕಪ್ಪು ಬೂಷ್ಟು. ತೊಳೆದು ಹಾಕಿದರೂ ವಾಸನೆ ಹೋಗಲಿಲ್ಲ. ಅದು ಮೂಲೆಯ ಬೀರುವಿನ ಕಡೆಯಿಂದಲೂ ಬರುತ್ತಿತ್ತು. ಸರಿಸಿ ನೋಡೋಣವೇ ಎಂದೆ.

"ವಾಸ್ತು ನೋಡಿ ಮಡಗಿರೋದು, ಅಲ್ಲಾಡಿಸ್ಬ್ಯಾಡಿ!" ಎಂದರು ಅತ್ತೆ.

ನಾನು ಕೈ ತೆಗೆದೆ. ಸೊಸೆ ಒಳಗೆ ಬಂದವಳೇ ಬೀರುವಿಗೆ ಹೆಗಲು ಕೊಟ್ಟು ನೂಕಿದಳು. ಕೆಮ್ಮು ಬಂದು ನಿಂತಳು, ಮತ್ತೆ ನೂಕಿದಳು.

ಹಿಂದಿನ ಗೋಡೆಯ ತುಂಬ ಬೂಷ್ಟು ಹಬ್ಬಿತ್ತು. ಆಚೆ ಬದಿಯ ಬಚ್ಚಲಿನ ಪೈಪು ಗೋಡೆಯೊಳಗೇ ಸೋರುತ್ತಿತ್ತು. ಅತ್ತೆ ಬಗ್ಗಿ ನೋಡಿದರು. ಮಂಚದ ಮೇಲಿನ ಸೊಸೆಯ ದಿಂಬು, ಹೊದಿಕೆ ಎತ್ತಿಕೊಂಡು ಹೋಗಿ ನಡುಮನೆಯಲ್ಲಿ ಹಾಕಿದರು.

ಪೈಪು ಬದಲಾಯಿಸಿ, ಗಾರೆ ಕೆತ್ತಿಸಿ, ಗೋಡೆ ಒಣಗಿದ ಮೇಲೆ ಕೆಮ್ಮು ಬಹಳ ಇಳಿಯಿತಂತೆ. ಮುಂದಿನ ಬೇಸಿಗೆಗೆ ಸರ್ವಿಸ್ ಮಾಡಲು ಹೋದಾಗ ಅತ್ತೆ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದರು: "ನಾನೇ ವಾಸ್ನೆ ಇಡ್ಕಂಡೋಗಿ ಬೀರು ಸರಿಸ್ದೆ ಕಣವ್ವ."

ಸೊಸೆ ನನಗೆ ಕಾಫಿ ಕೊಡುತ್ತಾ ಸುಮ್ಮನಿರಿ ಎಂದು ಕಣ್ಣಲ್ಲೇ ಹೇಳಿದಳು. ನಾನೇನು ಸಾಕ್ಷಿ ಹೇಳಲು ಹೋದವನೇ? ಕಾಫಿ ಕುಡಿದೆ.