ಮೇಷ್ಟ್ರ ಕಲ್ಲಿಗೆ ನಾನಿಟ್ಟ ಕುಂಕುಮ

ಮೊನ್ನೆ ಶುಕ್ರವಾರದ ಪೂಜೆಗೆ ದೀಪಗಳನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದೆ. ಸಂದಿಯಲ್ಲಿ ಜಿಡ್ಡು ಕೂತಿತ್ತು. ಅದಕ್ಕೆಂದೇ ಇಟ್ಟುಕೊಂಡಿರುವ ಹಲ್ಲುಜ್ಜುವ ಬ್ರಷ್ ಎತ್ತಿಕೊಂಡೆ. ಯಾರ ಬಾಯಿಗೂ ಹೋಗದ ಹೊಸದು. ಅದು ಕೈಗೆ ಬಂದಿದ್ದೇ ತಡ, ನಮ್ಮ ಮೇಷ್ಟ್ರು ನೆನಪಾದರು... ಅವರ ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಇಂಥದೇ ಒಂದು ಬ್ರಷ್ ನಿಂತಿರುತ್ತಿತ್ತು, ಕಲ್ಲಿನ ಮಣ್ಣು ಉಜ್ಜುವುದಕ್ಕೆ. ಬಸ್ಸಿನಲ್ಲಿ ಎದುರಿಗೆ ಕೂತವರು, ಪಾಪ, ಇವರ ಬೀದಿಗೆ ನೀರು ಬಂದಿಲ್ಲ ಅಂದುಕೊಳ್ಳುತ್ತಿದ್ದರು.

ಆಂಡರ್ಸನ್‌ಪೇಟೆಯಲ್ಲಿ ಅವರದು ನಮ್ಮ ಪಕ್ಕದ ಬೀದಿ. ಸ್ಕೂಲಿನಿಂದ ನಿವೃತ್ತರಾದ ಮೇಲೆ ಊರಿನ ಹಳೆಯ ಕಥೆ ಹುಡುಕುವ ಒಂದು ಬಳಗ ಕಟ್ಟಿದ್ದರು. ಇಂಗ್ಲಿಷರು ಚಿನ್ನದ ಗಣಿ ತೋಡುವ ಮುಂಚೆ ಇಲ್ಲಿ ಏನೂ ಇರಲಿಲ್ಲ ಎಂದು ಯಾರಾದರೂ ಅಂದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಅದು ಸುಳ್ಳು ಅಂತ ಹೇಳುವ ಒಂದು ಶಾಸನದ ಕಲ್ಲು ಸಿಕ್ಕರೆ ಸಾಕು ಅನ್ನುತ್ತಿದ್ದರು. ನಾನು ಸೇರಿದ್ದು ಬೇರೆ ಕಾರಣಕ್ಕೆ. ಅವರು ಹೋಗುವ ಕಡೆಯಲ್ಲೆಲ್ಲ ಒಂದು ಹಳೇ ಗುಡಿ ಇರುತ್ತಿತ್ತು. ಇತಿಹಾಸ ಅವರಿಗೆ, ದರ್ಶನ ನನಗೆ. ಚಿತ್ರಾನ್ನ ಎಲ್ಲರಿಗೂ.

ಬಳಗದಲ್ಲಿ ತಪ್ಪದೆ ಬರುತ್ತಿದ್ದ ಇನ್ನೊಬ್ಬರು ನಂದಿದುರ್ಗ ಗಣಿಯ ಕಾರ್ಮಿಕರ ಸಾಲುಮನೆಯ, ಅಂದರೆ ಲೈನಿನ ಅಣ್ಣ, ಗಣಿಯಲ್ಲೇ ದುಡಿದವರು. "ಸಾರ್, ನಾನು ಆಯುಸ್ಸೆಲ್ಲಾ ಭೂಮಿ ಒಳಗೇ ಇದ್ದೆ, ಒಬ್ಬ ರಾಜನೂ ಸಿಗ್ಲಿಲ್ಲ," ಎಂದು ಮೇಷ್ಟ್ರನ್ನು ಕೆಣಕುವುದೇ ಅವರ ಕೆಲಸ.

ನನಗೂ ಮೇಷ್ಟ್ರಿಗೂ ಇದ್ದದ್ದು ಒಂದೇ ಜಗಳ. ಕೆತ್ತಿದ ಕಲ್ಲು ಕಂಡರೆ ನನ್ನ ಕೈ ತಾನಾಗಿ ಬ್ಯಾಗಿನ ಕುಂಕುಮದ ಭರಣಿಗೆ ಹೋಗುತ್ತಿತ್ತು. ಅವರು ಎಲ್ಲಿದ್ದರೂ ಓಡಿಬಂದು ಅಡ್ಡ ನಿಲ್ಲುತ್ತಿದ್ದರು. "ಅಕ್ಷರ, ತಾಯೀ, ಅಕ್ಷರ! ಕುಂಕುಮ ತುಂಬಿಕೊಂಡರೆ ಓದೋದು ಹೆಂಗೆ?" ನಾನು ಕಲ್ಲಿಗೊಂದು ನಮಸ್ಕಾರ ಹಾಕಿ ಸುಮ್ಮನಾಗುತ್ತಿದ್ದೆ. ನಮಸ್ಕಾರಕ್ಕೆ ಅವರ ತಕರಾರು ಇರಲಿಲ್ಲ, ಅಷ್ಟು ಪುಣ್ಯ.

ಒಂದು ಭಾನುವಾರ ಬೂದಿಕೋಟೆ ಕಡೆ ರಸ್ತೆ ಪಕ್ಕದಲ್ಲಿ, ಅರ್ಧ ಮಣ್ಣಲ್ಲಿ ಹೂತ ಕಲ್ಲೊಂದು ಅವರ ಕಣ್ಣಿಗೆ ಬಿತ್ತು. ಬ್ರಷ್ಷಿನಿಂದ ಉಜ್ಜಿದರೆ ಮೇಲಿನ ಸಾಲಿನಲ್ಲಿ ಎರಡು ಮೂರು ಅಕ್ಷರ ಎದ್ದವು. ಕೆಳಗಿನದೆಲ್ಲ ಪಾಚಿ. ಮೇಷ್ಟ್ರು ಅಲ್ಲೇ ಕುಕ್ಕುರುಗಾಲಲ್ಲಿ ಕೂತುಬಿಟ್ಟರು. "ಇದೇ ನೋಡಿ, ಇದೇ," ಅಂದರು. ಮುಂದಿನ ಸಲ ಕಾಗದ, ಮಸಿ ತಂದು ಅಕ್ಷರಗಳ ಅಚ್ಚು ತೆಗೆಯುವುದೆಂದು ತೀರ್ಮಾನವಾಯಿತು. ಅವತ್ತು ಅವರು ಚಿತ್ರಾನ್ನ ಎರಡು ಸಲ ಹಾಕಿಸಿಕೊಂಡರು.

ಮುಂದಿನ ಸಲ ಹೋದರೆ ಕಲ್ಲಿನ ಮುಂದೆ ಜೆಸಿಬಿ ನಿಂತಿತ್ತು. ರಸ್ತೆ ಅಗಲ ಮಾಡುತ್ತಿದ್ದರು. ಮೇಷ್ಟ್ರು ಕೊಡೆ ಹಿಡಿದು ಅಡ್ಡ ನಿಂತು, ರಾಜರಿಂದ ಶುರುಮಾಡಿ ಪಾಠ ಹೇಳತೊಡಗಿದರು. ಡ್ರೈವರ್ ಆಕಳಿಸಿದ. "ಸಾ, ನಂಗದೆಲ್ಲ ಗೊತ್ತಿಲ್ಲ. ಎತ್ತು ಅಂದವ್ರೆ, ಎತ್ತಾಕ್ತೀನಿ. ಪಕ್ಕಕ್ ಬನ್ನಿ, ದೊಡ್ಡೋರು ನೀವು," ಅಂದು ಇಂಜಿನ್ ಚಾಲೂ ಮಾಡಿದ. ಆ ಕಬ್ಬಿಣದ ಕೈ ಮೇಲೆದ್ದಿತು.

ಮೇಷ್ಟ್ರು ಕಲ್ಲು ನೋಡಿದರು, ಆ ಕೈ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. ಅಷ್ಟು ಸಣ್ಣ ದನಿ ನಾನು ಅವರಿಂದ ಕೇಳಿರಲಿಲ್ಲ.

"ತಾಯೀ... ಕುಂಕುಮ ಇದೆಯಾ?"

ಇಲ್ಲದೆ ಇರುತ್ತದೆಯೇ? ಅಷ್ಟು ದಿನ ತಡೆದಿದ್ದನ್ನೆಲ್ಲ ಸೇರಿಸಿ ಇಟ್ಟೆ. ಅರಿಸಿನ ಬಳಿದೆ, ಮುಡಿದಿದ್ದ ಕನಕಾಂಬರ ತೆಗೆದು ಏರಿಸಿದೆ. ಲೈನಿನ ಅಣ್ಣ ಬೀಡಿ ಹಚ್ಚುವ ಬೆಂಕಿಪೊಟ್ಟಣ ಕೊಟ್ಟರು, ಕರ್ಪೂರ ನನ್ನ ಹತ್ತಿರವೇ ಇತ್ತು. ಇಂಜಿನ್ ನಿಂತಿತು. ಡ್ರೈವರ್ ಇಳಿದು ಬಂದ, ಚಪ್ಪಲಿ ಬಿಟ್ಟು ಕೈ ಮುಗಿದ. "ಮೊದ್ಲೇ ದೇವ್ರು ಅನ್ಬಾರ್ದಾ ಸಾ? ಸುಮ್ಕೆ ಏನೇನೋ ಹೇಳ್ತಿದ್ರಲ್ಲ," ಎಂದು ಮೇಷ್ಟ್ರನ್ನೇ ಬೈದು ಮಂಗಳಾರತಿ ತಗೊಂಡ. ರಸ್ತೆ ಅಲ್ಲಿ ಇವತ್ತಿಗೂ ಸ್ವಲ್ಪ ಸೊಂಟ ತಿರುಗಿಸಿಕೊಂಡೇ ಹೋಗುತ್ತದೆ.

ಕಲ್ಲು ಉಳಿಯಿತು. ಆದರೆ ಮೇಷ್ಟ್ರ ಕೈಗೆ ಸಿಗಲಿಲ್ಲ.

ಅವತ್ತು ಡ್ರೈವರ್ ಎದುರಿಗೆ ದೇವರಿಗೆ ಮಸಿ ಬಳಿಯುವ ಹಾಗಿರಲಿಲ್ಲ. ಕಾಗದ, ಮಸಿ ಹಿಡಿದು ನಾವು ಮತ್ತೆ ಹೋಗುವಷ್ಟರಲ್ಲಿ ಕಲ್ಲಿನ ಎದುರುಮನೆಯ ಅಜ್ಜಿ ದೇವರನ್ನು ವಹಿಸಿಕೊಂಡಾಗಿತ್ತು. ಮೇಲೆ ಶೀಟು, ದಿನಾ ಎಣ್ಣೆ, ಬೆರಳು ದಪ್ಪ ಕುಂಕುಮ. ಮೇಷ್ಟ್ರು ಮೆಲ್ಲಗೆ ಜೇಬಿನಿಂದ ಬ್ರಷ್ ತೆಗೆದರು.

"ಏನಪ್ಪಾ ಅದು? ಅಲ್ಲುಜ್ಜೋದಾ?" ಅಂದಳು ಅಜ್ಜಿ. "ಎಂಜ್ಲು ಬ್ರಷ್ನ ದೇವ್ರ ಮ್ಯಾಕೆ ಇಕ್ತೀಯಾ? ಓದ್ದೋನ್ ತರ ಕಾಣ್ತೀಯ."

"ಹೊಸದು ಕಣಜ್ಜಿ, ಬಾಯಿಗೆ ಹಾಕಿಲ್ಲ."

"ಊಂ, ಜೇಬಲ್ಲಿಕ್ಕೊಂಡು ಮೆರಸ್ತಾವ್ನೆ. ಬಾಯ್ಗೆ ಆಕಿಲ್ವಂತೆ."

ನಾನೂ ಸಾಕ್ಷಿ ಹೇಳಿದೆ, ಕೇಳಲಿಲ್ಲ. ಲೈನಿನ ಅಣ್ಣ ಅತ್ತ ತಿರುಗಿ ನಗು ತಡೆಯುತ್ತಿದ್ದರು. ಆಮೇಲೂ ಮೇಷ್ಟ್ರು ಹೋಗುವುದು ಬಿಡಲಿಲ್ಲ. ಬಂಗಾರಪೇಟೆಗೆ ಏನಾದರೂ ಕೆಲಸವಿದೆಯೆಂದು ಹೊರಟವರು ಬೂದಿಕೋಟೆ ಬಸ್ಸು ಹತ್ತುತ್ತಿದ್ದರು. ಕಲ್ಲಿನ ಎದುರು ಕೂತು, ತಲೆ ಓರೆ ಮಾಡಿ, ಕುಂಕುಮದ ಸಂದಿಯಲ್ಲಿ ಕಾಣುವ ಆ ಎರಡು ಮೂರು ಅಕ್ಷರವನ್ನೇ ನೋಡುತ್ತಿದ್ದರು. ಅಜ್ಜಿ ಅದನ್ನು ಭಕ್ತಿ ಅಂದುಕೊಂಡು ಬಾಳೆಹಣ್ಣು ಕೊಡುತ್ತಿದ್ದಳಂತೆ. "ಹೋಗಲಿ ಬಿಡಿ ತಾಯೀ, ಇದೆಯಲ್ಲ. ಇದ್ದರೆ ಯಾವತ್ತಾದರೂ ಯಾರಾದರೂ ಓದ್ತಾರೆ," ಅಂದಿದ್ದರು ಒಮ್ಮೆ...

ಅವರು ಹೋಗಿ ಈಗ ಕೆಲವು ವರ್ಷವಾಯಿತು. ನಿದ್ದೆಯಲ್ಲೇ ಹೋದರು, ನರಳಲಿಲ್ಲ, ದೇವರು ದೊಡ್ಡವನು. ಬಳಗವೂ ಅವರ ಜೊತೆಗೇ ಮುಗಿಯಿತು.

ದೀಪ ಉಜ್ಜಿದ ಮಾರನೆಯ ದಿನ ನಾನೊಬ್ಬಳೇ ಆ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಜಾಗವೂ ಸಿಕ್ಕಿತು. ಹೋಗಿ ನೋಡಿದರೆ ಕಲ್ಲಿನ ಸುತ್ತ ಸ್ಕೂಲು ಮಕ್ಕಳ ಗುಂಪು, ಎಲ್ಲರ ಕೈಯಲ್ಲೂ ಪೆನ್ನು. ಪರೀಕ್ಷೆಗೆ ಮುಂಚೆ ಪೂಜೆಗಿಟ್ಟು ಒಯ್ಯುತ್ತಾರಂತೆ. "ಇದು ಇದ್ಯೆ ಕೊಡೋ ದೇವ್ರು ಕಣಮ್ಮ," ಎಂದಳು ಅಜ್ಜಿ. "ಒಬ್ರು ದೊಡ್ಡ ಮೇಷ್ಟ್ರು ಇಲ್ಲೇ ಕುಂತು ಜಪ ಮಾಡ್ತಿದ್ರು." ಯಾರೂ ಓದಲಾಗದ ಕಲ್ಲು ಊರಿನ ಮಕ್ಕಳನ್ನೆಲ್ಲ ಪಾಸು ಮಾಡಿಸುತ್ತಿದೆ. ಕೇಳಿದ್ದರೆ ಮೇಷ್ಟ್ರು ಏನನ್ನುತ್ತಿದ್ದರೋ.

ನಾನೂ ಕುಂಕುಮ ಎತ್ತಿಕೊಂಡೆ. ಕೈ ಹಾಗೇ ನಿಂತಿತು. ಓಡಿಬಂದು ಅಡ್ಡ ನಿಲ್ಲುವವರು ಯಾರೂ ಇಲ್ಲ...

ಕಲ್ಲಿನ ಅಂಚಿನಲ್ಲಿ, ಅಕ್ಷರವಿಲ್ಲದ ಕಡೆ ನೋಡಿ, ಒಂದು ಬೊಟ್ಟು ಇಟ್ಟು ಬಂದೆ.